ಪರದೆಗೆ ತಕ್ಕ ಪುಟ: ಒಬ್ಬ ಜಾಲವಿನ್ಯಾಸಕಾರರ ಸ್ಫೂರ್ತಿಯಿಂದ ವ್ಯಾಪಾರೋದ್ಯಮಿ ಕಲಿಯಬೇಕಾದುದು

ನಮ್ಮ ವ್ಯಾಪಾರೋದ್ಯಮಿಗಳು ಸಂಸ್ಥೆಗೊಂದು ಜಾಲತಾಣವನ್ನು ಮಾಡಿಸಲು ಮುಂದಾದಾಗ ವಿನ್ಯಾಸಕಾರನಿಗೆ ಹೇಳುವ ಮೊದಲ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಇಂಥ ಕಂಪನಿಯವರ ತಾಣ ನೋಡಿ, ನಮಗೂ ಅಂಥದ್ದೇ ಆಗಬೇಕು." ಇಲ್ಲಿ ಮಾದರಿಯಾಗುವುದು ಪ್ರತಿಸ್ಪರ್ಧಿಯ ತಾಣವೇ ಹೊರತು ತಮ್ಮ ಗ್ರಾಹಕನ ಅಗತ್ಯವಲ್ಲ. ಹೀಗೆ ಸಿದ್ಧವಾದ ತಾಣ ಎರಡು ಮೂರು ವರ್ಷಗಳಲ್ಲಿ ಹಳತೆನಿಸುತ್ತದೆ. ಮತ್ತೆ ಹೊಸ ವಿನ್ಯಾಸ, ಹೊಸ ಬಿಲ್ಲು. ಲೆಕ್ಕಪತ್ರಗಳಲ್ಲಿ ಈ ವೆಚ್ಚ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಅದರಿಂದ ಬಂದ ವಿಚಾರಣೆಗಳೆಷ್ಟು, ಆರ್ಡರುಗಳೆಷ್ಟು ಎಂಬ ಲೆಕ್ಕವನ್ನು ಇಟ್ಟವರು ವಿರಳ.

ಒಳ್ಳೆಯ ವಿನ್ಯಾಸಕಾರನಿಗೆ ಸ್ಫೂರ್ತಿ ಎಲ್ಲಿಂದ ದೊರೆಯುತ್ತದೆ ಎಂಬುದನ್ನು ಅರಿತರೆ, ಹಣ ಕೊಡುವವರಾದ ನಾವು ಅವನಿಗೆ ಏನನ್ನು ಒದಗಿಸಬೇಕು ಎಂಬುದೂ ತಿಳಿಯುತ್ತದೆ. ಈ ದೃಷ್ಟಿಯಿಂದ ಅಮೆರಿಕದ ಜಾಲವಿನ್ಯಾಸಕಾರ ಈಥನ್ ಮಾರ್ಕಾಟ್ ಅವರ ಕೆಲಸವನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ. ಇಂದು ಪ್ರತಿಯೊಂದು ಮೊಬೈಲ್ ಫೋನಿನಲ್ಲಿಯೂ ಜಾಲಪುಟಗಳು ತಾವಾಗಿಯೇ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತಿವೆಯಷ್ಟೆ. ಆ ವಿಧಾನಕ್ಕೆ ಹೆಸರನ್ನೂ ಸ್ಪಷ್ಟ ರೂಪವನ್ನೂ ಕೊಟ್ಟವರು ಇವರೇ.

ಅಂದಿನ ಸಮಸ್ಯೆ

2010ರವರೆಗೆ ಜಾಲಪುಟಗಳನ್ನು ಸಾಮಾನ್ಯವಾಗಿ ಒಂದು ನಿಶ್ಚಿತ ಅಗಲಕ್ಕೆ ಕಟ್ಟಲಾಗುತ್ತಿತ್ತು. ಮೇಜಿನ ಮೇಲಿನ ಗಣಕಯಂತ್ರದ ಪರದೆಯನ್ನು ಗಮನದಲ್ಲಿಟ್ಟುಕೊಂಡು 960 ಪಿಕ್ಸೆಲ್ ಅಗಲದ ಚೌಕಟ್ಟನ್ನು ಹಾಕಿ, ಅದರೊಳಗೆ ಮುದ್ರಿತ ಕರಪತ್ರದಂತೆ ಎಲ್ಲವನ್ನೂ ಅಳೆದು ಜೋಡಿಸುವುದು ರೂಢಿಯಾಗಿತ್ತು. 2007ರಲ್ಲಿ ಐಫೋನ್ ಬಂದಿತು. ಅದರ ಪರದೆಯ ಅಗಲ ಕೇವಲ 320 ಪಿಕ್ಸೆಲ್. 2010ರ ಏಪ್ರಿಲ್‌ನಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದಿತು. ಅದರ ಅಗಲ 768. ಗಣಕಯಂತ್ರಕ್ಕೊಂದು, ಫೋನಿಗೊಂದು, ಐಪ್ಯಾಡಿಗೊಂದು ಎಂದು ಬೇರೆ ಬೇರೆ ತಾಣಗಳನ್ನು ಮಾಡಿಕೊಡಿ ಎಂಬ ಬೇಡಿಕೆ ಗ್ರಾಹಕರಿಂದ ಬರತೊಡಗಿತು.

ಇದರ ಆರ್ಥಿಕ ಪರಿಣಾಮವನ್ನು ಊಹಿಸುವುದು ನಮ್ಮಂಥವರಿಗೆ ಕಷ್ಟವಲ್ಲ. ಒಂದೇ ವ್ಯಾಪಾರಕ್ಕೆ ಮೂರು ಜಮಾಖರ್ಚು ಪುಸ್ತಕಗಳನ್ನು ಬರೆದಂತೆ. ಬೆಲೆ ಬದಲಾದರೆ ಮೂರು ಕಡೆ ತಿದ್ದಬೇಕು. ಒಂದು ಕಡೆ ತಿದ್ದಲು ಮರೆತರೆ ಗ್ರಾಹಕನಿಗೆ ತಪ್ಪು ಬೆಲೆ ಹೋಗುತ್ತದೆ. ಹೊಸ ಅಳತೆಯ ಸಾಧನವೊಂದು ಬಂದಾಗಲೆಲ್ಲ ನಾಲ್ಕನೆಯ ಪುಸ್ತಕ ತೆರೆಯಬೇಕು.

ಸ್ಫೂರ್ತಿಯ ಎರಡು ಮೂಲಗಳು

2010ರ ಮೇ 25ರಂದು 'ಎ ಲಿಸ್ಟ್ ಅಪಾರ್ಟ್' ಎಂಬ ಜಾಲಪತ್ರಿಕೆಯಲ್ಲಿ ಮಾರ್ಕಾಟ್ ಅವರ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಎಂಬ ಲೇಖನ ಪ್ರಕಟವಾಯಿತು. ಈ ಸಮಸ್ಯೆಗೆ ಅವರು ಉತ್ತರವನ್ನು ಮತ್ತೊಂದು ಜಾಲತಾಣದಲ್ಲಿ ಹುಡುಕಲಿಲ್ಲ. ಅವರ ಸ್ಫೂರ್ತಿಯ ಮೂಲಗಳು ಎರಡು.

ಮೊದಲನೆಯದು, ಹತ್ತು ವರ್ಷಗಳ ಹಿಂದೆ, ಅಂದರೆ 2000ದ ಏಪ್ರಿಲ್‌ನಲ್ಲಿ, ಅದೇ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಜಾನ್ ಆಲ್‌ಸಾಪ್ ಅವರು ಬರೆದಿದ್ದ 'ಎ ದಾವ್ ಆಫ್ ವೆಬ್ ಡಿಸೈನ್' ಎಂಬ ಲೇಖನ. ಚೀನಾ ದೇಶದ ಪ್ರಾಚೀನ ದಾವ್ ಗ್ರಂಥದ ಚಿಂತನೆಯನ್ನು ಆಧಾರವಾಗಿಟ್ಟುಕೊಂಡ ಆಲ್‌ಸಾಪ್ ಅವರ ವಾದದ ಸಾರವಿಷ್ಟು: ಮುದ್ರಣದಲ್ಲಿ ಪುಟದ ಅಳತೆಯ ಮೇಲೆ ವಿನ್ಯಾಸಕಾರನಿಗೆ ಪೂರ್ಣ ಹಿಡಿತವಿದೆ, ಜಾಲದಲ್ಲಿ ಆ ಹಿಡಿತವಿಲ್ಲ. ಓದುಗನ ಪರದೆ ಯಾವುದು, ಅಕ್ಷರದ ಗಾತ್ರವೆಷ್ಟು ಎಂಬುದು ಓದುಗನಿಗೆ ಸೇರಿದ ವಿಷಯ. ಇದನ್ನು ಕೊರತೆಯೆಂದು ಭಾವಿಸದೆ ಆ ಮಾಧ್ಯಮದ ಸ್ವಭಾವವೆಂದು ಒಪ್ಪಿಕೊಂಡು ಕೆಲಸ ಮಾಡಬೇಕು.

ಎರಡನೆಯದು ವಾಸ್ತುಶಿಲ್ಪ. ಆಂಗ್ಲ ವಾಸ್ತುಶಿಲ್ಪಿ ಕ್ರಿಸ್ಟೊಫರ್ ರೆನ್ ಅವರ ಮಾತಿನೊಂದಿಗೆ ಮಾರ್ಕಾಟ್ ತಮ್ಮ ಲೇಖನವನ್ನು ಆರಂಭಿಸುತ್ತಾರೆ. ಕಟ್ಟಡಗಳು ಶತಮಾನಗಳ ಕಾಲ ನಿಲ್ಲುತ್ತವೆ. ಜಾಲಪುಟದ ಆಯುಷ್ಯ ಅಲ್ಪ. ಆದರೂ ಕಟ್ಟಡವೇ ಅವರಿಗೆ ದಾರಿ ತೋರಿಸಿತು. ಆ ವೇಳೆಗೆ 'ಸ್ಪಂದನಶೀಲ ವಾಸ್ತುಶಿಲ್ಪ' ಎಂಬ ಹೊಸ ವಿಚಾರ ಬೆಳೆಯುತ್ತಿತ್ತು: ಜನ ಹತ್ತಿರ ಬಂದಂತೆ ಬಾಗುವ ಗೋಡೆ, ಕೋಣೆಯೊಳಗಿನವರ ಸಂಖ್ಯೆಗೆ ತಕ್ಕಂತೆ ಪಾರದರ್ಶಕತೆಯನ್ನು ಬದಲಿಸಿಕೊಳ್ಳುವ ಗಾಜು. ನಿವಾಸಿಯು ಕಟ್ಟಡಕ್ಕೆ ಹೊಂದಿಕೊಳ್ಳುವ ಬದಲು ಕಟ್ಟಡವೇ ನಿವಾಸಿಗೆ ಹೊಂದಿಕೊಳ್ಳುವುದಾದರೆ, ಜಾಲಪುಟವೂ ಓದುಗನಿಗೆ ಏಕೆ ಹೊಂದಿಕೊಳ್ಳಬಾರದು? ಲೇಖನದ ತಿರುಳು ಈ ಪ್ರಶ್ನೆಯೇ.

ವಿನ್ಯಾಸದ ಹಿಂದಿನ ಲೆಕ್ಕ

ಮಾರ್ಕಾಟ್ ಅವರು ಸೂಚಿಸಿದ ವಿಧಾನಕ್ಕೆ ಮೂರು ಅಂಗಗಳು: ಹಿಗ್ಗಿ ಕುಗ್ಗುವ ಅಂಕಣಗಳು, ಅಂಕಣದ ಅಗಲವನ್ನು ಮೀರದ ಚಿತ್ರಗಳು, ಮತ್ತು ಪರದೆಯ ಅಳತೆಯನ್ನು ವಿಚಾರಿಸಿ ಅದಕ್ಕೆ ತಕ್ಕ ಜೋಡಣೆಯನ್ನು ಅನ್ವಯಿಸುವ ಸೂಚನೆಗಳು. ಇವಾವುವೂ ಅವರೇ ಕಂಡುಹಿಡಿದ ತಂತ್ರಗಳಲ್ಲ. ಚದುರಿದ್ದ ಮೂರನ್ನೂ ಒಂದು ಪದ್ಧತಿಯಾಗಿ ಕೂಡಿಸಿದ್ದು ಅವರ ಸಾಧನೆ.

ಮೊದಲ ಅಂಗದ ಸೂತ್ರ ವಾಣಿಜ್ಯ ಪದವೀಧರರಿಗೆ ಬಹು ಪರಿಚಿತವಾದದ್ದು: ಬೇಕಾದ ಅಳತೆಯನ್ನು ಅದನ್ನು ಒಳಗೊಂಡಿರುವ ಒಟ್ಟು ಅಳತೆಯಿಂದ ಭಾಗಿಸುವುದು. 960 ಪಿಕ್ಸೆಲ್ ಪುಟದಲ್ಲಿ 300 ಪಿಕ್ಸೆಲ್ ಅಂಕಣವಿದ್ದರೆ ಅದು ಶೇಕಡಾ 31.25. ಈ ಪ್ರಮಾಣವನ್ನು ಬರೆದಿಟ್ಟರೆ ಪುಟದ ಅಗಲ 1,280 ಆದಾಗ ಅಂಕಣ ತಾನಾಗಿಯೇ 400 ಆಗುತ್ತದೆ, 640 ಆದಾಗ 200 ಆಗುತ್ತದೆ. ಸಣ್ಣ ಸಂಸ್ಥೆಯನ್ನೂ ದೊಡ್ಡ ಸಂಸ್ಥೆಯನ್ನೂ ಹೋಲಿಸುವಾಗ ನಾವು ಆಸ್ತಿ-ಜವಾಬ್ದಾರಿ ಪಟ್ಟಿಯ ಪ್ರತಿಯೊಂದು ಬಾಬನ್ನೂ ಒಟ್ಟು ಮೊತ್ತದ ಶೇಕಡಾವಾರಿನಲ್ಲಿ ಬರೆಯುವುದಿಲ್ಲವೆ? ಇದೂ ಅದೇ ಕ್ರಮ.

ಆದರೆ ಪ್ರಮಾಣವೊಂದೇ ಸಾಲದು. ಫೋನಿನ ಕಿರಿದಾದ ಪರದೆಯಲ್ಲಿ ಮೂರು ಅಂಕಣಗಳು ಓದಲಾರದಷ್ಟು ಕಿರಿದಾಗುತ್ತವೆ. ಆಗ ಮೂರನೆಯ ಅಂಗ ಕೆಲಸಕ್ಕೆ ಬಂದು ಅಂಕಣಗಳನ್ನು ಒಂದರ ಕೆಳಗೊಂದು ಇಳಿಸುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ? ಈ ನಿರ್ಧಾರ ತಂತ್ರಜ್ಞಾನದ್ದಲ್ಲ, ವ್ಯಾಪಾರದ್ದು. ವಿನ್ಯಾಸಕಾರನೊಬ್ಬನೇ ಇದನ್ನು ಮಾಡಲಾರ.

ಬಾಸ್ಟನ್ ಗ್ಲೋಬ್ ಪ್ರಯೋಗ

ಲೇಖನದಲ್ಲಿ ಉದಾಹರಣೆಗಾಗಿ ಕಟ್ಟಿದ್ದು ಷೆರ್ಲಾಕ್ ಹೋಮ್ಸ್ ಕಥಾಪಾತ್ರಗಳ ಚಿತ್ರಗಳುಳ್ಳ ಒಂದು ಕಾಲ್ಪನಿಕ ಪತ್ರಿಕೆಯ ಪುಟ. ದೊಡ್ಡ ವ್ಯವಹಾರಕ್ಕೆ ಇದು ಒಗ್ಗೀತೆ ಎಂಬ ಶಂಕೆ ಸಹಜವಾಗಿಯೇ ಇತ್ತು. ಅದಕ್ಕೆ ಉತ್ತರ ದೊರೆತದ್ದು 2011ರ ಸೆಪ್ಟೆಂಬರ್‌ನಲ್ಲಿ. 1872ರಲ್ಲಿ ಸ್ಥಾಪಿತವಾದ 'ದಿ ಬಾಸ್ಟನ್ ಗ್ಲೋಬ್' ದಿನಪತ್ರಿಕೆಯು ತನ್ನ ಚಂದಾದಾರರ ಹೊಸ ತಾಣವನ್ನು ಇದೇ ವಿಧಾನದಲ್ಲಿ ಕಟ್ಟಿಸಿತು. ಬಾಸ್ಟನ್ನಿನ ಫಿಲಮೆಂಟ್ ಗ್ರೂಪ್ ಎಂಬ ಸಂಸ್ಥೆಯೊಂದಿಗೆ ಮಾರ್ಕಾಟ್ ಈ ಕಾರ್ಯದಲ್ಲಿ ತೊಡಗಿದ್ದರು. ದಿನವಿಡೀ ಬದಲಾಗುವ ಸುದ್ದಿ, ನೂರಾರು ಛಾಯಾಚಿತ್ರ, ಜಾಹೀರಾತುಗಳೆಲ್ಲವನ್ನೂ ಹೊತ್ತ ತಾಣವೊಂದು ಒಂದೇ ವಿಳಾಸದಲ್ಲಿ ಎಲ್ಲ ಬಗೆಯ ಸಾಧನಗಳಿಗೂ ಒಗ್ಗುವುದನ್ನು ಜನ ಕಂಡರು. ಆ ಮೇಲೆ ಈ ವಿಧಾನವೇ ರೂಢಿಯಾಯಿತು.

ಅದೇ 2011ರಲ್ಲಿ ಮಾರ್ಕಾಟ್ ತಮ್ಮ ಲೇಖನವನ್ನು ಪುಸ್ತಕವಾಗಿ ವಿಸ್ತರಿಸಿದರು. 2015ರಲ್ಲಿ ಅದರ ಮುಂದುವರಿಕೆಯಾಗಿ ಮತ್ತೊಂದು ಪುಸ್ತಕ ಬಂದಿತು. 2023ರ ಅವರ ಪುಸ್ತಕ 'ಯು ಡಿಸರ್ವ್ ಎ ಟೆಕ್ ಯೂನಿಯನ್' ವಿನ್ಯಾಸವನ್ನು ಕುರಿತದ್ದಲ್ಲ, ತಂತ್ರಜ್ಞಾನ ಕ್ಷೇತ್ರದ ನೌಕರರ ಸಂಘಟನೆಯನ್ನು ಕುರಿತದ್ದು. ಬಳಸುವವನ ಬಗೆಗಿನ ಅವರ ಕಾಳಜಿ ದುಡಿಯುವವನ ಕಡೆಗೂ ಹರಿದಿರುವುದನ್ನು ಇಲ್ಲಿ ಕಾಣಬಹುದು.

ನಮ್ಮ ಗ್ರಾಹಕನ ಪರದೆ

ನಮ್ಮಲ್ಲಿ ಈ ವಿಷಯ ಇನ್ನಷ್ಟು ಮಹತ್ವದ್ದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾದ ಮೇಲೆ ಡೇಟಾ ದರ ಇಳಿದು, ಗಣಕಯಂತ್ರವನ್ನೇ ಮುಟ್ಟದ ಅಸಂಖ್ಯಾತ ಜನರಿಗೆ ಫೋನೇ ಮೊದಲ ಪರದೆಯಾಯಿತು. 2023ರ ಅಕ್ಟೋಬರ್‌ನಲ್ಲಿ ಗೂಗಲ್ ಸಂಸ್ಥೆಯು, ಜಾಲಪುಟಗಳನ್ನು ಅವುಗಳ ಮೊಬೈಲ್ ರೂಪದ ಆಧಾರದ ಮೇಲೆಯೇ ಸೂಚಿಗೆ ಸೇರಿಸುವ ಬದಲಾವಣೆ ಪೂರ್ಣಗೊಂಡಿತೆಂದು ಪ್ರಕಟಿಸಿತು. ಫೋನಿನಲ್ಲಿ ಕಾಣದ ಮಾಹಿತಿ ಗೂಗಲ್ ಹುಡುಕಾಟದಲ್ಲಿಯೂ ಲೆಕ್ಕಕ್ಕೆ ಬಾರದೆ ಹೋಗಬಹುದೆಂಬುದು ಇದರ ತಾತ್ಪರ್ಯ.

ಹೀಗಿದ್ದರೂ ನಮ್ಮ ಅನೇಕ ಸಣ್ಣ ಕೈಗಾರಿಕೆಗಳ ತಾಣಗಳ ಸ್ಥಿತಿಯೇನು? ಮೊದಲ ಪರದೆಯ ತುಂಬ ಕಾರ್ಖಾನೆಯ ದೊಡ್ಡ ಚಿತ್ರ. ಅದು ತೆರೆದುಕೊಳ್ಳುವಷ್ಟರಲ್ಲಿ ಗ್ರಾಹಕನ ತಾಳ್ಮೆ ತೀರುತ್ತದೆ. ಅನಂತರ ಸಂಸ್ಥಾಪಕರ ಸಂದೇಶ. ಬಿಡಿಭಾಗಗಳ ಅಳತೆಯ ಪಟ್ಟಿ ಸ್ಕ್ಯಾನ್ ಮಾಡಿದ ಚಿತ್ರವಾಗಿರುವುದರಿಂದ ಬೆರಳಿನಿಂದ ಹಿಗ್ಗಿಸಿ ಓದಬೇಕು. ದೂರವಾಣಿ ಸಂಖ್ಯೆಯೂ ಚಿತ್ರದೊಳಗೆ ಅಡಗಿರುವುದರಿಂದ ಅದನ್ನು ಒತ್ತಿ ಕರೆ ಮಾಡುವಂತಿಲ್ಲ. ವಾಲ್ವ್ ತಯಾರಕನ ಗ್ರಾಹಕನಿಗೆ ಮೊದಲು ಬೇಕಾದುದು ಅಳತೆ, ಲೋಹ, ತಡೆದುಕೊಳ್ಳುವ ಒತ್ತಡ, ಪೂರೈಕೆಯ ಅವಧಿ, ವಿಚಾರಿಸಬೇಕಾದ ಸಂಖ್ಯೆ. ಇವು ಮೊದಲ ಪರದೆಯಲ್ಲಿಯೇ ಸಿಗಬೇಕು.

ಕನ್ನಡದಲ್ಲಿ ತಾಣ ಮಾಡಿಸುವವರು ಗಮನಿಸಬೇಕಾದ ಅಂಶವೊಂದಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆಂದು ಗೊತ್ತುಪಡಿಸಿದ ಸಾಲಿನ ಅಂತರವನ್ನೇ ಉಳಿಸಿಕೊಂಡರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಸಮಾಸಪದಗಳು ಉದ್ದವಾಗಿರುವುದರಿಂದ ಕಿರಿದಾದ ಗುಂಡಿಗಳಲ್ಲಿ ಹಿಡಿಸುವುದಿಲ್ಲ. ಆದುದರಿಂದ ಕನ್ನಡ ಪಠ್ಯವನ್ನು ಕೊನೆಗೆ ತುಂಬಿಸುವ ಬದಲು ಮೊದಲೇ ಕೊಟ್ಟು ವಿನ್ಯಾಸ ಮಾಡಿಸಬೇಕು. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಮೊದಲಾದ ಯೂನಿಕೋಡ್ ಅಕ್ಷರಗಳು ಮುಕ್ತ ಪರವಾನಗಿಯಡಿ ಉಚಿತವಾಗಿ ದೊರೆಯುತ್ತವೆ.

ಒಪ್ಪಂದ ಮತ್ತು ಒಡೆತನ

ಇಷ್ಟೆಲ್ಲ ಚೆನ್ನಾಗಿ ಮಾಡಿಸಿದ ತಾಣ ಯಾರದು? "ಹಣ ಕೊಟ್ಟವರು ನಾವು, ಆದ್ದರಿಂದ ನಮ್ಮದು" ಎಂಬ ನಂಬಿಕೆ ಸಾಮಾನ್ಯವಾಗಿದೆ. ಕಾನೂನು ಹಾಗೆ ಹೇಳುವುದಿಲ್ಲ. ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಒಳಿತು.

1. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ ಕೃತಿಯ ಮೊದಲ ಒಡೆಯ ಅದರ ಕರ್ತೃ. ಸಂಬಳದ ನೌಕರನು ಉದ್ಯೋಗದ ಭಾಗವಾಗಿ ಮಾಡಿದ ಕೃತಿ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನಿಗೆ ಸೇರುತ್ತದೆ. ಆದರೆ ಹೊರಗಿನ ಸ್ವತಂತ್ರ ವಿನ್ಯಾಸಕಾರನು ಬರೆದ ಪ್ರೋಗ್ರಾಮು, ಬರಹದಲ್ಲಿ ವರ್ಗಾವಣೆಯಾಗದ ಹೊರತು, ಸಾಮಾನ್ಯವಾಗಿ ಅವನದೇ ಆಗಿ ಉಳಿಯುತ್ತದೆ.

2. ವರ್ಗಾವಣೆಯು 19ನೆಯ ಪ್ರಕರಣದಂತೆ ಲಿಖಿತವಾಗಿದ್ದು ಸಹಿಯಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ರಫ್ತು ವ್ಯಾಪಾರಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

3. ಡೊಮೈನ್ ಹೆಸರು ಸಂಸ್ಥೆಯ ಹೆಸರಿನಲ್ಲಿಯೇ, ಸಂಸ್ಥೆಯ ಸ್ವಂತ ಇ-ಮೇಲ್ ವಿಳಾಸ ಮತ್ತು ದೂರವಾಣಿಯೊಂದಿಗೆ ನೋಂದಣಿಯಾಗಿರಲಿ. ವಿನ್ಯಾಸಕಾರನ ಹೆಸರಿನಲ್ಲಿದ್ದರೆ, ಅವನು ಊರು ಬಿಟ್ಟ ದಿನ ನವೀಕರಣದ ಸೂಚನೆ ಅವನಿಗೆ ಹೋಗುತ್ತದೆ. ನಮ್ಮ ಬಿಲ್ಲು, ಪೆಟ್ಟಿಗೆ, ಫಲಕಗಳ ಮೇಲೆ ಅಚ್ಚಾದ ವಿಳಾಸ ಬೇರೊಬ್ಬರ ಪಾಲಾಗಬಹುದು.

4. ಕೇವಲ ಪ್ರಚಾರಕ್ಕೆ ಮೀಸಲಾದ ತಾಣದ ವೆಚ್ಚ ಆಯಾ ವರ್ಷದ ಖರ್ಚು. ನೇರವಾಗಿ ಆರ್ಡರು ಪಡೆದು ಆದಾಯ ತರುವ ತಾಣವಾದರೆ ಅದನ್ನು ಅಮೂರ್ತ ಆಸ್ತಿಯೆಂದು ದಾಖಲಿಸುವ ಅವಕಾಶವಿದೆ. ಇಂಡ್ ಎಎಸ್ 38ರ ಅನುಬಂಧ 'ಎ' ಈ ಭೇದವನ್ನು ವಿವರಿಸುತ್ತದೆ. ಒಡೆತನದ ಪತ್ರವೇ ಇಲ್ಲದಿದ್ದರೆ ಆಸ್ತಿಯೆಂದು ತೋರಿಸುವ ಮಾತು ಕಷ್ಟ.

5. ವಿನ್ಯಾಸಕಾರನೂ ಬಹುಮಟ್ಟಿಗೆ ನಮ್ಮಂತೆಯೇ ಒಬ್ಬ ಸಣ್ಣ ಉದ್ಯಮಿ. ಅವನು ಸೂಕ್ಷ್ಮ ಉದ್ಯಮವಾಗಿ ನೋಂದಾಯಿತನಾಗಿದ್ದರೆ, 2006ರ ಎಂಎಸ್‌ಎಂಇಡಿ ಅಧಿನಿಯಮದಂತೆ ಪಾವತಿಯ ಅವಧಿ ಒಪ್ಪಂದವಿದ್ದರೂ 45 ದಿನಗಳನ್ನು ಮೀರುವಂತಿಲ್ಲ; ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ನಮ್ಮ ಬಾಕಿ ತಡವಾದಾಗ ನಾವು ಪಡುವ ಸಂಕಟವನ್ನು ಅವನಿಗೆ ಕೊಡಬಾರದು.

ಮಾರ್ಕಾಟ್ ಅವರ ಸಾಧನೆಯ ಮೂಲದಲ್ಲಿರುವುದು, ಬಳಸುವವನು ಯಾವ ಸ್ಥಿತಿಯಲ್ಲಿ ಬಳಸುತ್ತಾನೆ ಎಂಬ ಪ್ರಶ್ನೆ. ಅದಕ್ಕೆ ಉತ್ತರ ವಿನ್ಯಾಸಕಾರನಿಗಿಂತ ಚೆನ್ನಾಗಿ ಬಲ್ಲವರು ಗಲ್ಲಾದ ಮುಂದೆ ನಿತ್ಯ ಗ್ರಾಹಕರೊಡನೆ ಮಾತನಾಡುವ ನಾವು. ಆದಕಾರಣ ಮುಂದಿನ ಸಲ ವಿನ್ಯಾಸಕಾರನನ್ನು ಕರೆಸುವ ಮುನ್ನ ಒಂದು ತಿಂಗಳ ಕಾಲ ಗ್ರಾಹಕರು ದೂರವಾಣಿಯಲ್ಲಿ ಕೇಳುವ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿಸಿರಿ. ಪದೇ ಪದೇ ಬರುವ ಮೊದಲ ಹತ್ತು ಪ್ರಶ್ನೆಗಳನ್ನು ಪ್ರತಿಸ್ಪರ್ಧಿಯ ತಾಣದ ವಿಳಾಸಕ್ಕೆ ಬದಲಾಗಿ ಅವನ ಕೈಗೆ ಕೊಡಿರಿ. ಸಿದ್ಧವಾದ ತಾಣವನ್ನು ಗಣಕಯಂತ್ರದಲ್ಲಿ ನೋಡಿ ಒಪ್ಪಿಗೆ ನೀಡದೆ, ಅಂಗಡಿಯಲ್ಲಿರುವ ಅತಿ ಅಗ್ಗದ ಫೋನಿನಲ್ಲಿ ತೆರೆಸಿ, ಆ ಹತ್ತು ಪ್ರಶ್ನೆಗಳಿಗೂ ಉತ್ತರ ಸಿಗುವುದನ್ನು ಖಚಿತಪಡಿಸಿಕೊಂಡು, ಒಡೆತನದ ಪತ್ರಕ್ಕೆ ಸಹಿ ಪಡೆದ ಮೇಲೆ ಕೊನೆಯ ಕಂತಿನ ಚೆಕ್ಕನ್ನು ಬರೆಯುವುದು ಉಚಿತ.