ಬಿಳಿ ವೈನೂ ನಮ್ಮ ಹೊಗೆಸೊಪ್ಪಿನ ಹೊಲವೂ

ಹುಣಸೂರು, ಪಿರಿಯಾಪಟ್ಟಣದ ಕಡೆಯ ಬೆಳೆಗಾರ ಬಂಧುಗಳು ಈಚೆಗೆ ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಕಾಫಿ, ಅಡಿಕೆಯ ತೋಟ ಹಾಗೇ ಇರಲಿ, ಹೊಗೆಸೊಪ್ಪು ಹಾಕುವ ಹೊಲಕ್ಕೆ ವೈನ್ ದ್ರಾಕ್ಷಿ ಹಾಕಿದರೆ ಹೇಗೆ? ಬೆಂಗಳೂರಿನಿಂದ ಮಕ್ಕಳು ಹಬ್ಬಕ್ಕೆ ಬರುವಾಗ ತಂದ ಬಿಳಿ ವೈನಿನ ಬಾಟಲಿಯೇ ಈ ಪ್ರಶ್ನೆಗೆ ಮೂಲವಿರಬೇಕು.

ಆ ಬಾಟಲಿಯಲ್ಲಿ ಇರುವುದು ಹೆಚ್ಚಾಗಿ ಸೊವಿನ್ಯೋ ಬ್ಲಾಂ ಎಂಬ ಫ್ರಾನ್ಸ್ ಮೂಲದ ದ್ರಾಕ್ಷಿಯ ವೈನು. ನಮ್ಮ ರಾಜ್ಯದಲ್ಲಿ ಇದಕ್ಕೆ ಹೆಸರಾದ ಸೀಮೆ ನಂದಿಬೆಟ್ಟದ ತಪ್ಪಲು. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬದವರು 1988ರಲ್ಲಿ ಆರಂಭಿಸಿದ ದ್ರಾಕ್ಷಿ ತೋಟ ಅಲ್ಲಿದೆ. ನೀರು ನಿಲ್ಲದ ಕೆಂಪು ಮಣ್ಣು, ಸುಮಾರು 900 ಮೀಟರ್ ಎತ್ತರ, ಹಣ್ಣು ಬಲಿಯುವ ತಿಂಗಳುಗಳಲ್ಲಿ ಒಣ ಹವೆ, ತಣ್ಣನೆಯ ರಾತ್ರಿ. ರಾತ್ರಿ ತಂಪಾಗಿದ್ದರೆ ಹಣ್ಣಿನ ಹುಳಿ ಉಳಿಯುತ್ತದೆ. ಈ ವೈನಿನ ಜೀವವೇ ಆ ಹುಳಿ. ಮೂಸಿದರೆ ಹಸಿ ಹುಲ್ಲು, ದೊಣ್ಣೆಮೆಣಸು, ನಿಂಬೆ, ಸೀಬೆಹಣ್ಣಿನ ನೆನಪಾಗುತ್ತದೆ. ಕೊಡಗಿನ ರಸ್ತೆ ಬದಿಯಲ್ಲಿ ಮಾರುವ ಸಿಹಿ 'ಮನೆ ವೈನಿ'ಗೂ ಇದಕ್ಕೂ ಸಂಬಂಧವಿಲ್ಲ.

ಮಾಡುವ ಕ್ರಮ ಕಾಫಿಯವರಿಗೆ ಬೇಗ ಅರ್ಥವಾದೀತು. ಕಿತ್ತ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕದಿದ್ದರೆ ಪಾರ್ಚ್‌ಮೆಂಟ್ ಕೆಡುವುದಿಲ್ಲವೇ? ಇಲ್ಲಿ ಆತುರ ಅದಕ್ಕಿಂತಲೂ ಹೆಚ್ಚು. ಬಿಸಿಲೇರುವ ಮೊದಲೇ ಗೊಂಚಲು ಕುಯ್ದು, ಕೆಲವೇ ಗಂಟೆಗಳಲ್ಲಿ ಹಿಂಡಿ, ಸಿಪ್ಪೆಯಿಂದ ರಸವನ್ನು ಬೇರ್ಪಡಿಸುತ್ತಾರೆ. ಉಕ್ಕಿನ ತೊಟ್ಟಿಯಲ್ಲಿ, ಸುಮಾರು 15 ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿ ನಿಧಾನವಾಗಿ ಹುದುಗಿಸುತ್ತಾರೆ. ಸಾಮಾನ್ಯವಾಗಿ ಮರದ ಪೀಪಾಯಿಗೆ ಹಾಕುವುದಿಲ್ಲ. ಒಂದೆರಡು ವರ್ಷದೊಳಗೆ ಕುಡಿದು ಮುಗಿಸತಕ್ಕ ವೈನು ಇದು.

ಊಟದ ವಿಚಾರಕ್ಕೆ ಬಂದರೆ, ಕುಡಿಯುವ ಅಭ್ಯಾಸವಿರುವವರಿಗೆ ನಾವು ಹೇಳುವುದು ಇಷ್ಟು: ಚೆನ್ನಾಗಿ ತಣ್ಣಗಿರಲಿ, ಊಟದ ಖಾರ ಮಿತವಾಗಿರಲಿ. ಕಬಿನಿಯ ಮೀನನ್ನು ನಿಂಬೆರಸ, ಉಪ್ಪು, ಸ್ವಲ್ಪ ಮೆಣಸಿನ ಪುಡಿ ಹಚ್ಚಿ ಕಾವಲಿಯ ಮೇಲೆ ಹುರಿದರೆ ಇದಕ್ಕೆ ಒಳ್ಳೆಯ ಜೊತೆ. ಸಬ್ಬಸಿಗೆ ಸೊಪ್ಪು ಹಾಕಿದ ನುಚ್ಚಿನುಂಡೆ ಅದಕ್ಕಿಂತ ಒಂದು ಕೈ ಮೇಲು. ಸೊಪ್ಪಿನ ಹಸಿ ಪರಿಮಳವೂ ವೈನಿನ ಪರಿಮಳವೂ ಒಂದಕ್ಕೊಂದು ಒಗ್ಗುತ್ತವೆ. ಮುದ್ದೆಯ ಜೊತೆ ಖಾರದ ಕೋಳಿ ಸಾರಿದ್ದ ದಿನ ಬಾಟಲಿ ತೆಗೆಯಬೇಡಿ. ಖಾರದ ಮುಂದೆ ವೈನಿನ ರುಚಿ ಸಪ್ಪೆಯಾಗಿ, ಬಾಯುರಿಯೂ ಹೆಚ್ಚುತ್ತದೆ.

ಇನ್ನು ಹೊಲದ ಪ್ರಶ್ನೆ. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ದ್ರಾಕ್ಷಿ ತೋಟದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಫ್ರಾನ್ಸಿನ ಬೋರ್ಡೋದಲ್ಲಿದ್ದ ಪ್ರಾಧ್ಯಾಪಕ ಮಿಲಾರ್ಡೆ ಮೈಲುತುತ್ತ, ಸುಣ್ಣದ ಈ ಮಿಶ್ರಣವನ್ನು 1885ರಲ್ಲಿ ದ್ರಾಕ್ಷಿಯ ಬೂಜುರೋಗಕ್ಕೆ ಮದ್ದೆಂದು ಪ್ರಕಟಿಸಿದರು. ಅಂದರೆ ಮಳೆಯ ತೇವ ಅಡಿಕೆಗೆ ಹೇಗೋ ದ್ರಾಕ್ಷಿಗೂ ಹಾಗೆಯೇ ಶತ್ರು. ಬಳ್ಳಿಯನ್ನು ವರ್ಷಕ್ಕೆರಡು ಬಾರಿ, ಏಪ್ರಿಲ್ ಸುಮಾರಿಗೆ ಮತ್ತು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸವರುತ್ತಾರೆ. ಮೊದಲನೆಯ ಚಿಗುರು ಮುಂಗಾರಿಗೆ ಸಿಕ್ಕುತ್ತದೆ, ಎರಡನೆಯದು ಹಿಂಗಾರಿಗೆ. ಪಿರಿಯಾಪಟ್ಟಣದ ಕೊಡಗಿನ ಅಂಚಿಗೂ, ಕೋಟೆಯ ಕಾಡಂಚಿಗೂ ಇದು ತಕ್ಕ ಬೆಳೆಯಲ್ಲವೆಂದೇ ನಮ್ಮ ಅಭಿಪ್ರಾಯ. ಕೆ.ಆರ್. ನಗರದ ಒಣ ಮಗ್ಗುಲಿನಲ್ಲಿ ಯೋಚಿಸಬಹುದು.

ಅಲ್ಲಿಯೂ ಮಳೆಗಿಂತ ದೊಡ್ಡ ತೊಡಕೊಂದಿದೆ. ಬೆಲೆ ಇಳಿದಾಗ ಚಾಲಿ ಅಡಿಕೆಯನ್ನು ಉಗ್ರಾಣದಲ್ಲಿ ಇಟ್ಟು ಕಾಯಬಹುದು, ಚೆರ್ರಿ ಕಾಫಿಯನ್ನು ಒಣಗಿಸಿ ಇಡಬಹುದು, ಬೇಯಿಸಿದ ಹೊಗೆಸೊಪ್ಪು ಕೂಡ ಕಟ್ಟೆಮಳಲವಾಡಿಯ ಹರಾಜಿಗೆ ಸರದಿ ಬರುವ ತನಕ ಬೇಲಿನಲ್ಲಿರುತ್ತದೆ. ವೈನ್ ದ್ರಾಕ್ಷಿ ಒಂದು ದಿನವೂ ಕಾಯದು. ಕಾಯಿ ಚಿಕ್ಕದು, ಬೀಜ ಹೆಚ್ಚು; ಸಂತೆಯಲ್ಲಿ ತಿನ್ನುವ ಹಣ್ಣೆಂದು ಯಾರೂ ಕೊಳ್ಳರು. ಬೆಂಗಳೂರು ನೀಲಿ ದ್ರಾಕ್ಷಿಯಾದರೆ ತಿನ್ನಲೂ ಹೋಗುತ್ತದೆ, ರಸಕ್ಕೂ ಹೋಗುತ್ತದೆ. ಸೊವಿನ್ಯೋ ಬ್ಲಾಂಗೆ ಇರುವುದು ವೈನಿನ ಕಾರ್ಖಾನೆಯ ಬಾಗಿಲೊಂದೇ. ಆದುದರಿಂದ ಸಸಿ ತರುವ ಮೊದಲು ಬರವಣಿಗೆಯಲ್ಲಿ ಖರೀದಿ ಕರಾರು ಕೇಳಿರಿ. ಕುಯ್ದ ಹಣ್ಣು ಮಧ್ಯಾಹ್ನದೊಳಗೆ ತಲುಪುವಷ್ಟು ದೂರದಲ್ಲಿ ಕಾರ್ಖಾನೆ ಇದೆಯೇ ನೋಡಿರಿ. ಬಳ್ಳಿ ಫಸಲು ಕೊಡಲು ಎರಡು ಮೂರು ವರ್ಷ ಬೇಕು. ಅಲ್ಲಿಯವರೆಗೆ ಕಲ್ಲುಕಂಬ, ತಂತಿ, ಹನಿ ನೀರಾವರಿಯ ಖರ್ಚೆಲ್ಲ ಬೆಳೆಗಾರನದೇ.