ಬಾಯಿಲ್ಲದ ಮಡಕೆಯೊಳಗಿನ ಗಿಲಕಿ

ಸುಟ್ಟು ಆರಿದ ಮಡಕೆಯನ್ನು ಅಲುಗಿಸಿದಾಗ ಒಳಗಿನಿಂದ ಸದ್ದು ಬಂತು. ಕುಂಬಾರಿಕೆಯ ಕಲಾವಿದೆ ತೊಶಿಕೊ ತಕಾಯೆಜು ಅದಕ್ಕೆ ಬಾಯಿಯನ್ನೇ ಬಿಟ್ಟಿರಲಿಲ್ಲ. ತುದಿಯಲ್ಲಿ ಸಣ್ಣದೊಂದು ರಂಧ್ರ, ಅಷ್ಟೇ. ಒಳಗೇನಿದೆ ಎಂದು ಕೈ ಹಾಕಿ ನೋಡುವಂತಿರಲಿಲ್ಲ. ನೋಡಲೇಬೇಕೆಂದರೆ ಮಡಕೆ ಒಡೆಯಬೇಕಿತ್ತು.

ಆ ಬಾಯಿ ಮುಚ್ಚಲು ವರ್ಷಗಳೇ ಹಿಡಿದಿದ್ದವು. ತೊಶಿಕೊ 1922ರಲ್ಲಿ ಹವಾಯಿಯ ಪೆಪೆಕಿಯೊದಲ್ಲಿ, ಒಕಿನಾವಾದಿಂದ ವಲಸೆ ಬಂದ ದಂಪತಿಗೆ ಹುಟ್ಟಿದವರು. ಹನ್ನೊಂದು ಮಕ್ಕಳಲ್ಲಿ ಆರನೆಯವರು. ಹೊನೊಲುಲುವಿನ ಪಿಂಗಾಣಿ ಕಾರ್ಖಾನೆಯಲ್ಲಿ ಅಚ್ಚಿಗೆ ಮಣ್ಣು ಒತ್ತುವ ಕೆಲಸ ಹಿಡಿದರು. ಒತ್ತಿದಷ್ಟೂ ಅದೇ ಆಕಾರ. ಮುಂದೆ ಹವಾಯಿ ವಿಶ್ವವಿದ್ಯಾಲಯದಲ್ಲಿ ಕ್ಲಾಡ್ ಹೊರಾನ್ ಅವರ ಬಳಿ ಕಲಿತು, ತಿಗರಿಯ ಮೇಲೆ ಕೈ ಪಳಗಿಸಿಕೊಂಡರು.

1951ರಲ್ಲಿ ದ್ವೀಪ ಬಿಟ್ಟು ಮಿಶಿಗನ್ನಿನ ಕ್ರ್ಯಾನ್‌ಬ್ರುಕ್ ಕಲಾಶಾಲೆ ಸೇರಿದರು. ಅಲ್ಲಿನ ಗುರು ಮಾಯಾ ಗ್ರೊಟೆಲ್ ಕೂಡ 1927ರಲ್ಲಿ ಫಿನ್‌ಲೆಂಡ್ ಬಿಟ್ಟು ಬಂದವರೇ. ಮಾತು ಕಡಿಮೆ, ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಿಕೊಡುವವರಲ್ಲ. ತನ್ನ ಆಕಾರವನ್ನು ತಾನೇ ಹುಡುಕಿಕೊಳ್ಳದೆ ಶಿಷ್ಯೆಗೆ ಬೇರೆ ದಾರಿ ಇರಲಿಲ್ಲ. ಒಂದು ಕಂಠದ ಹೂಜಿ ಎರಡು ಕಂಠದ್ದಾಯಿತು. ಹಲವು ಕಂಠಗಳೂ ಮೂಡಿದವು.

1955ರಲ್ಲಿ ಹೆತ್ತವರ ನೆಲಕ್ಕೆ, ಜಪಾನಿಗೆ ಹೊರಟರು. ಶೋಜಿ ಹಮಾದಾರಂಥ ಹಿರಿಯ ಕುಂಬಾರರನ್ನು ಕಂಡರು, ಝೆನ್ ಆಶ್ರಮದಲ್ಲಿ ಉಳಿದರು. ಅಲ್ಲಿನ ಚಹಾ ಬಟ್ಟಲನ್ನೇ ಮಾಡುತ್ತಾ ಕೂರಬಹುದಿತ್ತು. ಹಾಗಾಗಲಿಲ್ಲ. ಅಮೆರಿಕಕ್ಕೆ ಮರಳಿ ಕ್ಲೀವ್‌ಲೆಂಡಿನಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಅವರ ಮಡಕೆಗಳ ಬಾಯಿ ಕಿರಿದಾಗುತ್ತಾ ಬಂತು. 1950ರ ದಶಕ ಮುಗಿಯುವ ಹೊತ್ತಿಗೆ ಮುಚ್ಚಿಯೇ ಹೋಯಿತು. ನೀರು ತುಂಬಲಾಗದು, ಹೂ ಇಡಲಾಗದು. ಅದು ಪಾತ್ರೆಯಾಗಿ ಉಳಿಯದೆ ಶಿಲ್ಪವಾಯಿತು. ಸುತ್ತಲೂ ಬಣ್ಣದ ಮೆರುಗನ್ನು ಸುರಿದು, ಬಳಿದು, ಚಿತ್ರದಂತೆ ಹರಡಲು ಮೈಯೆಲ್ಲ ಜಾಗ ಸಿಕ್ಕಿತು. ತೇವ ಉಳಿದ ಮಣ್ಣು ಬೆಂಕಿಯಲ್ಲಿ ಸಿಡಿಯುತ್ತದೆ. ಒಳಗಿನ ಆವಿ ಹೊರಹೋಗಲೆಂದೇ ಆ ಸಣ್ಣ ರಂಧ್ರ.

ಅಂಥದೊಂದು ಮಡಕೆಯಲ್ಲೇ ಸದ್ದು ಕೇಳಿಸಿದ್ದು. ಕೆಲಸದ ನಡುವೆ ಮಣ್ಣಿನ ಚೂರೊಂದು ಅರಿವಿಲ್ಲದೆ ಒಳಗೆ ಬಿದ್ದಿತ್ತು. ಬೇರೆಯವರಾಗಿದ್ದರೆ ಕೆಟ್ಟಿತೆಂದು ಪಕ್ಕಕ್ಕಿಡುತ್ತಿದ್ದರೇನೋ. ತೊಶಿಕೊಗೆ ಆ ನಾದ ಹಿಡಿಸಿತು. ಮುಂದೆ ಬೇಕೆಂದೇ ಚೂರು ಹಾಕತೊಡಗಿದರು. ಆದರೆ ಹಸಿ ಚೂರು ಹಸಿ ಗೋಡೆಗೆ ಅಂಟಿದರೆ ಎರಡೂ ಒಂದಾಗಿ ಬೇಯುತ್ತವೆ, ಮಡಕೆ ಮೂಕವಾಗುತ್ತದೆ. ಆಕಸ್ಮಿಕವಾಗಿ ಒಲಿದದ್ದನ್ನು ಮತ್ತೆ ಒಲಿಸಿಕೊಳ್ಳುವುದು ಹೇಗೆ?

ಉತ್ತರ ಸಿಕ್ಕಿದ್ದು ಒಂದು ತುಂಡು ಕಾಗದದಲ್ಲಿ. ಚೂರನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟು ಬಾಯಿ ಮುಚ್ಚಿದರು. ಕಾಗದ ಇರುವಷ್ಟು ಹೊತ್ತು ಮಣ್ಣಿಗೆ ಮಣ್ಣು ತಾಗಲಿಲ್ಲ. ಆವಿಗೆಯ ಬೆಂಕಿಯಲ್ಲಿ ಅದು ಉರಿದು ಹೋಯಿತು. ಕಲ್ಲಿನಂತೆ ಗಟ್ಟಿಯಾದ ಚೂರು ಬಿಡಿಯಾಗಿ ಉಳಿದು, ಗೋಡೆಗೆ ಬಡಿದು ನುಡಿಯಿತು.

ಮುಂದೆ ಅವರ ಮಡಕೆಗಳು ಆಳೆತ್ತರಕ್ಕೆ ಬೆಳೆದವು. ಕಾಣದ ಒಳಗತ್ತಲೇ ಮುಖ್ಯವೆಂದು ಅವರು ಹೇಳುತ್ತಿದ್ದರು. ಇಟ್ಟಲ್ಲೇ ಇದ್ದಷ್ಟು ಕಾಲ ಒಳಗಿನ ಚೂರು ಸುಮ್ಮನಿತ್ತು. ಮಡಕೆ ನೆಲೆ ಬಿಟ್ಟು ಕದಲಿದಾಗಲೇ ಅದಕ್ಕೆ ದನಿ ಬಂದದ್ದು. ಒಕಿನಾವಾ ಬಿಟ್ಟವರ ಮಗಳ ಕೈಗೆ ಆ ದನಿ ಸಿಕ್ಕಿತ್ತು.