ಹುಲಿಗಿಯ ಮಕ್ಕಳಿಗೆ ವರ್ಷದ ಬುತ್ತಿ

ತುಂಗಭದ್ರೆಯ ಎಡದಂಡೆಯ ಮೇಲಿರುವ ಹುಲಿಗಿಯು ಹುಲಿಗೆಮ್ಮನ ಸನ್ನಿಧಿಯಿಂದ ಪ್ರಸಿದ್ಧವಾದ ಕ್ಷೇತ್ರ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಂದು ನಾಡಿನ ನಾನಾ ದಿಕ್ಕುಗಳಿಂದ ಬಂದಿಳಿಯುವ ಭಕ್ತರು ಈ ಊರನ್ನು ಉಧೋ ಉಧೋ ಎಂಬ ಘೋಷದಿಂದ ತುಂಬುತ್ತಾರೆ. ಆದರೆ ಇಲ್ಲಿ ಮಕ್ಕಳನ್ನು ಸಾಕುವ ನಮ್ಮಂಥವರಿಗೆ ಈ ನೆಲೆ ಮತ್ತೊಂದು ಕಾರಣದಿಂದಲೂ ವಿಶಿಷ್ಟವಾದುದು. ಮಗ್ಗುಲಿನ ಮುನಿರಾಬಾದಿನಲ್ಲಿ, 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟಿನಿಂದ ಹೊರಟ ಎಡದಂಡೆ ನಾಲೆ ಗಂಗಾವತಿಯ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಇತ್ತ ಕೊಪ್ಪಳವನ್ನು ದಾಟಿ ಹೋದರೆ ಯಲಬುರ್ಗಾ, ಕುಷ್ಟಗಿಗಳ ಎರೆಯೂ ಮಸಾರಿಯೂ ಇಂದಿಗೂ ಬಹುಪಾಲು ಮೋಡವನ್ನೇ ನಂಬಿಕೊಂಡಿವೆ. ನಾಲೆಯ ಹೊಲದಲ್ಲಿ ಋತುವು ನೀರು ಬಿಡುವ ದಿನವನ್ನು ಅನುಸರಿಸಿ ಬರುತ್ತದೆ. ಎರೆಯಲ್ಲಿ ಆಕಾಶವನ್ನು ಅನುಸರಿಸಿ ಬರುತ್ತದೆ. ನಮಗೆ ಅನ್ನವನ್ನಿತ್ತ ನಾಲೆಯನ್ನು ಹಳಿಯುವ ಕೃತಘ್ನತೆ ನನಗಿಲ್ಲ. ಆದರೂ ಮಕ್ಕಳಿಗೆ ವರ್ಷದ ರುಚಿಯನ್ನು ಉಣಿಸಬೇಕೆಂಬ ತಂದೆತಾಯಿಗಳು ಒಣಭೂಮಿಯತ್ತಲೇ ಮುಖ ಮಾಡಬೇಕಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಕ್ಕಳ ಪಾಲಿಗೆ ವರ್ಷವು ಯುಗಾದಿಯಂದು ತೊಡಗುವುದಿಲ್ಲ. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ತೊಡಗುತ್ತದೆ. ಮೊದಲ ಮಳೆಗೆ ನೆನೆದ ಎರೆಮಣ್ಣನ್ನು ತಂದು, ಕಲ್ಲು ಕಸಗಳನ್ನು ಆಯ್ದು, ಬಿರುಕು ಬಿಡದಂತೆ ನಾದಿ ಹದಗೊಳಿಸಿ, ಜೋಡೆತ್ತುಗಳನ್ನೂ ಅವುಗಳ ಮುಂದೊಂದು ಮೇವಿನ ಗ್ವಾದಲಿಯನ್ನೂ ತಿದ್ದಿ, ಕಣ್ಣುಗಳ ಸ್ಥಾನದಲ್ಲಿ ಜೋಳದ ಕಾಳನ್ನೋ ಕುಸುಬೆಯ ಕಾಳನ್ನೋ ಒತ್ತಿ, ಹೋಳಿಗೆಯ ನೈವೇದ್ಯವನ್ನಿಟ್ಟು ಪೂಜಿಸುವ ಈ ಹಬ್ಬದಲ್ಲಿ ಹಿರಿಯರ ಕೆಲಸ ಅತ್ಯಲ್ಪ. ಮಣ್ಣಿನ ಅಂಟು ಎಷ್ಟಿದ್ದರೆ ಕೊಂಬು ನಿಲ್ಲುತ್ತದೆ, ನೀರು ಎಷ್ಟಾದರೆ ಕಾಲು ಕುಸಿಯುತ್ತದೆ ಎಂಬುದನ್ನು ಎಳೆಯ ಬೆರಳುಗಳು ತಾವಾಗಿಯೇ ಕಲಿಯುತ್ತವೆ. ಮರುದಿನ ಹುಡುಗರು ಮಣ್ಣಿನ ಕುಂಟೆತ್ತನ್ನು ಹೊತ್ತು ಮನೆಮನೆಗೆ ತಿರುಗಿ ಜೋಳವನ್ನು ಬೇಡುತ್ತಾರೆ. ಅಂಗಡಿಯಿಂದ ಅಚ್ಚಿನ ಎತ್ತುಗಳನ್ನು ಕೊಂಡು ತರುವ ರೂಢಿ ಈಚೆಗೆ ಬೆಳೆಯುತ್ತಿದೆ. ಅದು ನನಗೆ ಸಮ್ಮತವಲ್ಲ. ಮಗು ಮಾಡಿದ ಎತ್ತು ಕುರಿಯಂತೆ ಕಂಡರೂ ಜಗುಲಿಯ ಮೇಲೆ ಅದಕ್ಕೇ ಮೊದಲ ಸ್ಥಾನ ಸಲ್ಲಬೇಕು.

ಶ್ರಾವಣದ ಪಂಚಮಿಯನ್ನು ಕುರಿತು ವಿಸ್ತರಿಸಿ ಹೇಳಬೇಕಾದುದಿಲ್ಲ, ಉತ್ತರದ ಕನ್ನಡಿಗರೆಲ್ಲರೂ ಅದನ್ನು ಬಲ್ಲರು. ಹಿಂದಿನ ದಿನ ನೆರೆಹೊರೆಯವರು ಪರಸ್ಪರ ಬೀರುವ ಖಡಕ್ ರೊಟ್ಟಿ, ಡಬ್ಬಿಗಳಲ್ಲಿ ತುಂಬಿದ ಶೇಂಗಾದುಂಡಿ, ಎಳ್ಳುಂಡಿ, ತಂಬಿಟ್ಟು, ಜೋಳದ ಅರಳು, ಬೇವಿನ ಕೊಂಬೆಗೆ ಬಿಗಿದ ಜೋಕಾಲಿ—ಇಷ್ಟಿದ್ದರೆ ಹಬ್ಬ ಸಂಪೂರ್ಣ. ಅದೇ ದಿನಮಾನಗಳಲ್ಲಿ ಮಲೆನಾಡಿನ ಮಳೆ ನದಿಯಲ್ಲಿ ಹರಿದು ಬಂದು ಜಲಾಶಯವನ್ನು ತುಂಬಿದಾಗ, ಮೂವತ್ತಮೂರು ಗೇಟುಗಳ ಆ ಕಟ್ಟೆಯಿಂದ ಧುಮುಕುವ ನೀರನ್ನು ನೋಡಲು ಜನ ನೆರೆಯುತ್ತಾರೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡತಕ್ಕ ದೃಶ್ಯವದು. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದ ತರುವಾಯ ಆ ನೀರನ್ನು ನೋಡುವ ದೊಡ್ಡವರ ಕಣ್ಣುಗಳಲ್ಲಿ ಆನಂದದೊಡನೆ ಆತಂಕವೂ ಸೇರಿಕೊಂಡಿದೆ.

ಕಾರ್ತಿಕದ ಗೌರಿ ಹುಣ್ಣಿಮೆಯು ಹೆಣ್ಣುಮಕ್ಕಳ ಹಬ್ಬ. ಸಕ್ಕರೆಯ ಪಾಕವನ್ನು ಕಾಯಿಸಿ, ಹಾಲು ಹಾಕಿ ಕಲ್ಮಷವನ್ನು ತೆಗೆದು, ನೀರಿನಲ್ಲಿ ನೆನೆಸಿದ ಕಟ್ಟಿಗೆಯ ಜೋಡಿ ಅಚ್ಚುಗಳನ್ನು ಬಿಗಿದು ಕಟ್ಟಿ, ಅದರೊಳಗೆ ಹೊಯ್ದು ಆರಿಸಿದರೆ ಆನೆ, ಕುದುರೆ, ನವಿಲು, ತೇರು, ಬಸವಣ್ಣಗಳು ಶುಭ್ರವಾಗಿ ಹೊರಬರುತ್ತವೆ. ಅಚ್ಚು ಒಣಗಿದ್ದರೆ ಗೊಂಬೆ ಕಟ್ಟಿಗೆಗೇ ಹತ್ತಿಕೊಂಡು ಒಡೆಯುತ್ತದೆಯಾದುದರಿಂದ ನೆನೆಸುವ ಕೆಲಸದಲ್ಲಿ ಅವಸರ ಸಲ್ಲದು. ಸಂಜೆಯ ಹೊತ್ತು ಹೊಸ ಬಟ್ಟೆಯುಟ್ಟ ಹುಡುಗಿಯರು ಈ ಸಕ್ಕರೆ ಆರತಿಗಳನ್ನು ತಟ್ಟೆಯಲ್ಲಿಟ್ಟು ಗೌರಿಯ ಬಳಿಗೆ ಒಯ್ಯುತ್ತಾರೆ. ಆ ಬಳಿಕ ನವಿಲಿನ ಕೊಕ್ಕು ಯಾರಿಗೆ, ಆನೆಯ ಸೊಂಡಿಲು ಯಾರಿಗೆ ಎಂಬ ಪಂಚಾಯಿತಿಯು ಮನೆಯೊಳಗೆ ನಡೆಯುತ್ತದೆ. ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳವರು ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಸರಿಯಿಂದ ಮೈಗೂಡಿಸಿ, ಬಣ್ಣವಿಟ್ಟು ಮಾಡುವ ಗೌರಿಯೂ ಗೊಂಬೆಗಳೂ ಲೋಕವಿಖ್ಯಾತವಾದುವು. ಸಕ್ಕರೆಯದು ಕರಗಿಹೋದ ಮೇಲೆ ಮಗುವಿನ ಕೈಗೆ ಕಿನ್ನಾಳದ ಒಂದು ಗೊಂಬೆಯನ್ನು ಕೊಡಿಸುವುದು ನಮ್ಮ ಮನೆಯ ವಾಡಿಕೆ.

ಇನ್ನು ಚಳಿಗಾಲ. ಈ ಬರೆಹದ ಉದ್ದೇಶವೇ ಬಹುಮಟ್ಟಿಗೆ ಈ ಋತುವಿನಲ್ಲಿದೆ.

ಎಳ್ಳಮಾವಾಸ್ಯೆಯ ದಿನ ಸಜ್ಜೆಯ ರೊಟ್ಟಿ, ಬದನೆಯ ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳಿನ ಹಿಂಡಿ, ಕಡಬು, ಮೊಸರುಬಾನಗಳ ಬುತ್ತಿಯನ್ನು ಕಟ್ಟಿಕೊಂಡು, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂತಾಯಿಯನ್ನು ಪೂಜಿಸಿ, ಚರಗ ಚೆಲ್ಲಿ, ಅಲ್ಲಿಯೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಸಂಪ್ರದಾಯವನ್ನು ಎರೆಯ ಒಕ್ಕಲಿಗರು ಇನ್ನೂ ಕೈಬಿಟ್ಟಿಲ್ಲ. ಆ ವೇಳೆಗೆ ಹಿಂಗಾರಿಯ ಬಿಳಿಜೋಳ ಎದೆಯೆತ್ತರಕ್ಕೆ ನಿಂತು, ಅದರ ತೆನೆಗಳಲ್ಲಿ ಹಾಲು ಗಟ್ಟಿಯಾಗತೊಡಗಿರುತ್ತದೆ. ಕಾಳಿನೊಳಗಿನ ಸಕ್ಕರೆಯು ದಿನದಿನಕ್ಕೆ ಪಿಷ್ಟವಾಗಿ ಮಾರ್ಪಡುವುದರಿಂದ, ಉಗುರಿನಿಂದ ಒತ್ತಿದರೆ ಇನ್ನೂ ಮೆತ್ತಗಿದ್ದು ಹಾಲು ಮಾತ್ರ ಹೊರಬಾರದಂತಹ ಕೆಲವೇ ದಿನಗಳ ಅವಕಾಶದಲ್ಲಿ ಮಾತ್ರ ಸೀತನಿ, ಎಂದರೆ ಸುಟ್ಟು ತಿನ್ನುವ ಎಳೆಯ ಜೋಳ, ಲಭ್ಯ. ಮುಂಚೆ ಮುರಿದರೆ ನೀರು, ತಡೆದರೆ ಬರೀ ಜೋಳ. ನೆಲದಲ್ಲಿ ಸಣ್ಣ ಕುಣಿ ತೋಡಿ, ಕುಳ್ಳಿನ ಕೆಂಡದಲ್ಲಿ ತೆನೆಗಳನ್ನು ಹೊರಳಿಸಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟನ್ನು ಊದಿ, ಹಸಿರು ಮುತ್ತಿನಂತಹ ಕಾಳುಗಳನ್ನು ಬೆಲ್ಲದೊಡನೆಯೋ ಶೇಂಗಾಹಿಂಡಿಯೊಡನೆಯೋ ತಿನ್ನಬೇಕು. ಹೊಲದ ಅಜ್ಜಿ "ತಗೋ ತಮ್ಮಾ, ಬಿಸಿ ಐತಿ, ಊದಿಕೊಂಡು ತಿನ್ನು" ಎಂದು ಬೊಗಸೆಗೆ ಸುರಿದ ಸೀತನಿಯ ರುಚಿಯನ್ನು ಪೇಟೆಯ ಯಾವ ಮಿಠಾಯಿಯೂ ಕೊಡಲಾರದೆಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ.

ಪಕ್ಕದ ಸಾಲಿನಲ್ಲಿ ಕಡಲೆಯಿದ್ದರೆ ಮಕ್ಕಳಿಗೆ ಮತ್ತೊಂದು ಸೋಜಿಗ. ಕಡಲೆಯ ಗಿಡವು ತನ್ನ ಎಲೆಯ ರೋಮಗಳಿಂದ ಮ್ಯಾಲಿಕ್, ಆಕ್ಸಾಲಿಕ್ ಎಂಬ ಆಮ್ಲಗಳನ್ನು ಸ್ರವಿಸುತ್ತದೆ. ಇಬ್ಬನಿಯೊಡನೆ ಅದು ಬೆರೆತಿರುವ ಮುಂಜಾವಿನಲ್ಲಿ ಬಿಳಿಯ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ, ನೆನೆದ ಮೇಲೆ ಹಿಂಡಿಕೊಂಡರೆ ಕಡಲೆಹುಳಿ ಸಿದ್ಧ. ಹಳಬರು ಅದನ್ನು ಹೊಟ್ಟೆನೋವಿಗೆ ಮನೆಮದ್ದಾಗಿ ಕಾಪಾಡಿಕೊಳ್ಳುತ್ತಿದ್ದರು. ಹುಡುಗರಿಗೆ ಆ ವ್ಯವಧಾನವಿಲ್ಲ. ಗಿಡವನ್ನು ಸವರಿದ ಬೆರಳನ್ನು ನೆಕ್ಕಿ, ಕಣ್ಣು ಮುಚ್ಚಿ, ಮತ್ತೆ ಸವರುತ್ತಾರೆ.

ಅರ್ಧಮಾಸ ಕಳೆಯುತ್ತಲೇ, ಪುಷ್ಯ ಬಹುಳ ಬಿದಿಗೆಯಂದು, ಕೊಪ್ಪಳದ ಗವಿಸಿದ್ಧೇಶ್ವರನ ತೇರು. ಹಳ್ಳಿಹಳ್ಳಿಗಳಿಂದ ಗಾಡಿ, ಟ್ರ್ಯಾಕ್ಟರುಗಳಲ್ಲಿ ಬರುವ ಲಕ್ಷಗಟ್ಟಲೆ ರೊಟ್ಟಿಗಳನ್ನೂ, ದಾಸೋಹದ ಮಾದಲಿಯನ್ನೂ, ಕೊಪ್ಪರಿಗೆಗಳಲ್ಲಿ ಕರಿಯುವ ಮಿರ್ಚಿಯನ್ನೂ ಕಂಡ ಮಗುವಿಗೆ, ತನ್ನ ಮನೆಯಲ್ಲಿ ಅವ್ವ ಬಡಿದ ರೊಟ್ಟಿಯೂ ಆ ರಾಶಿಯಲ್ಲಿದೆಯೆಂದು ತೋರಿಸಿದರೆ ದಾಸೋಹದ ಅರ್ಥವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಇದೇ ಚಳಿಯಲ್ಲಿ, ತಾಳ್ಮೆಯುಳ್ಳ ಮಕ್ಕಳಾದರೆ, ನದಿಯ ಬಂಡೆಗಳ ನಡುವೆ ನೀರುನಾಯಿಗಳನ್ನು ಕಾಣಬಹುದು. ಹೊಸಪೇಟೆಯ ಬಳಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವು 2015ರಿಂದ ಅವುಗಳ ಸಂರಕ್ಷಿತ ತಾಣ.

ಅನಂತರ ಬಿಸಿಲು. ಹೊಸ ಹುಣಸೆಯ ಬೀಜ ತೆಗೆದು, ಬೆಲ್ಲ, ಜೀರಿಗೆ, ಉಪ್ಪು, ಖಾರಗಳೊಡನೆ ಒರಳಿನಲ್ಲಿ ಕುಟ್ಟಿ ಕಡ್ಡಿಗೆ ಮೆತ್ತಿದ ಚಿಗಳಿ. ಯುಗಾದಿಯಂದು ಲೋಟದಲ್ಲಿ ಕುಡಿಯುವ ಬೇವು. ಮೇ ತಿಂಗಳಿನಲ್ಲಿ ತೋಟಗಾರಿಕೆ ಇಲಾಖೆಯವರು ಕೊಪ್ಪಳದಲ್ಲಿ ನಡೆಸುವ ಮೇಳದ ಕೇಸರ್ ಮಾವು. ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮೂರ ಅಮ್ಮನ ಜಾತ್ರೆಯೇ ಬಂದು, ಬೆಂಡು ಬತ್ತಾಸು, ಪೀಪಿ, ಬಳೆಗಳ ಸಾಲಂಗಡಿಗಳು ಹೊಳೆಯ ದಾರಿಯನ್ನು ತುಂಬುತ್ತವೆ.

ಇವುಗಳಲ್ಲಿ ಜಾತ್ರೆ, ಮಾವು, ಮಿರ್ಚಿಗಳಿಗೆ ಅಳಿವಿನ ಭಯವಿಲ್ಲ. ಭಯವಿರುವುದು ಸೀತನಿಗೆ. ನಾಲೆಯ ಭೂಮಿಯಲ್ಲಿ ಜೋಳದ ತಾವನ್ನು ಭತ್ತ ಆಕ್ರಮಿಸಿ ಎಷ್ಟೋ ಕಾಲವಾಯಿತು. ಎರೆಯಲ್ಲಿಯೂ ಕಟಾವಿನ ಆಳು ದೊರೆಯದೆ, ತೆನೆಗೆರಗುವ ಹಕ್ಕಿಯನ್ನು ಕಾಯುವವರಿಲ್ಲದೆ ರೈತರು ಬೇರೆ ಬೆಳೆಗಳತ್ತ ಹೊರಳುತ್ತಿದ್ದಾರೆ. ಆದುದರಿಂದ ಹುಲಿಗಿ, ಮುನಿರಾಬಾದ್, ಗಂಗಾವತಿಗಳ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ: ಬರುವ ಎಳ್ಳಮಾವಾಸ್ಯೆಗೆ ಮುನ್ನವೇ ಯಲಬುರ್ಗಾ, ಕುಷ್ಟಗಿಗಳ ಕಡೆಯ ಬಂಧುವನ್ನೋ ಪರಿಚಿತರನ್ನೋ ವಿಚಾರಿಸಿ, ತೆನೆಯ ಹದವನ್ನು ತಿಳಿದುಕೊಂಡು, ಮಕ್ಕಳನ್ನು ಜೋಳದ ಹೊಲಕ್ಕೆ ಕರೆದೊಯ್ಯಿರಿ, ತಿಂದ ತೆನೆಗೆ ಒಕ್ಕಲಿಗನಿಗೆ ನ್ಯಾಯವಾದ ಬೆಲೆಯನ್ನೂ ಮರೆಯದೆ ಕೊಟ್ಟುಬನ್ನಿರಿ.